ಕತ್ತರಿಗಿಂತ ಮೊದಲು ಕಿವಿ

(ಕಲಬುರಗಿಯಲ್ಲಿ ವಿಡಿಯೋ ಸಂಕಲನ ಕಲಿಯುತ್ತಿರುವ ತರುಣ ತರುಣಿಯರ ಮುಂದೆ ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ತಿದ್ದಿ ಇಲ್ಲಿ ಕೊಡಲಾಗಿದೆ.)

ಸಭೆ ಆರಂಭವಾಗುವ ಮೊದಲು ನಿಮ್ಮೆಲ್ಲರಿಂದ ಚೀಟಿಗಳ ಮೇಲೆ ಪ್ರಶ್ನೆಗಳನ್ನು ಬರೆಸಿ ನನ್ನ ಕೈಗೆ ಕೊಟ್ಟಿದ್ದಾರೆ. ಅರ್ಧಕ್ಕೂ ಹೆಚ್ಚು ಚೀಟಿಗಳಲ್ಲಿರುವುದು ಒಂದೇ ಪ್ರಶ್ನೆ: ಯಾವ ಸಾಫ್ಟ್‌ವೇರ್ ಕಲಿಯಬೇಕು? ಇದಕ್ಕೆ ಮೊದಲೇ ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ. ಕೈಯಲ್ಲಿ ಹಣವಿಲ್ಲದವರು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಿಂದ ಆರಂಭಿಸಬಹುದು. ಹಳೆಯ ಕಂಪ್ಯೂಟರ್ ಅದರ ಭಾರ ತಾಳದಿದ್ದರೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್ ಸಾಕು. ವಾಹಿನಿಗಳಲ್ಲಿ ಕೆಲಸ ಹುಡುಕುವವರಿಗೆ ಪ್ರೀಮಿಯರ್ ಪ್ರೊ ತಿಳಿದಿರಬೇಕು, ಸಿನಿಮಾ ಸಂಕಲನದ ಕಡೆ ಹೋಗುವವರು ಆ್ಯವಿಡ್ ಕಲಿತಿದ್ದರೆ ಒಳ್ಳೆಯದು. ಇವೆಲ್ಲದರಲ್ಲೂ ಮೇಲಿನ ಪಟ್ಟಿಯಲ್ಲಿ ಚಿತ್ರ, ಕೆಳಗಿನ ಪಟ್ಟಿಯಲ್ಲಿ ಧ್ವನಿ, ಎಡದಿಂದ ಬಲಕ್ಕೆ ಹರಿಯುವ ಕಾಲ ಎಂಬ ಏರ್ಪಾಡು, ಅಂದರೆ ಟೈಮ್‌ಲೈನ್, ಹೆಚ್ಚುಕಡಿಮೆ ಒಂದೇ ಆದ್ದರಿಂದ, ಒಂದರಲ್ಲಿ ಕೈ ಪಳಗಿದವರಿಗೆ ಇನ್ನೊಂದನ್ನು ಹಿಡಿಯಲು ಹದಿನೈದು ದಿನ ಸಾಕಾಗುತ್ತದೆ. ನಾನು ಇಂದು ಮಾತನಾಡಬೇಕೆಂದುಕೊಂಡಿರುವುದು ಆ ಹದಿನೈದು ದಿನಗಳಲ್ಲಿ ಕಲಿಯಲಾಗದ ಒಂದು ಅಭ್ಯಾಸದ ಬಗ್ಗೆ, ಅಂದರೆ ಕೇಳಿಸಿಕೊಳ್ಳುವುದರ ಬಗ್ಗೆ.

ನಮ್ಮ ಭಾಗಕ್ಕೆ ಟಿವಿ ಬಂದ ಬಗೆ ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ಕಾಣೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಟಿವಿ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಆಗಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಅದು ಮುಗಿದ ಮೇಲೆ 1977ರಲ್ಲಿ ನಮ್ಮ ಊರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ಆ ಭಾಗ್ಯ ದೊರೆತದ್ದು 1981ರಲ್ಲಿ. ಜಂಬ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ, ಸ್ವಲ್ಪ ಜಂಬವೂ ಇದೆ ಎನ್ನಿ. ಊರಿಗೊಂದೇ ಪೆಟ್ಟಿಗೆ ಇಟ್ಟು ಊರೆಲ್ಲ ಅದರ ಮುಂದೆ ಕುಳಿತರೆ, ಚಿತ್ರ ಸರಿಯಾಗಿ ಕಾಣುವುದು ಮುಂದಿನ ನಾಲ್ಕು ಸಾಲಿಗೆ ಮಾತ್ರ. ಹಿಂದಿನವರಿಗೆ ತಲುಪುವುದು ಮಾತು. ಇಂದು ಅದೇ ಜನರ ಮೊಮ್ಮಕ್ಕಳು ಅಂಗೈಯಗಲದ ತೆರೆಯಲ್ಲಿ, ಬಸ್ಸಿನ ಗದ್ದಲದ ನಡುವೆ, ಅಗ್ಗದ ಇಯರ್‌ಫೋನ್ ಹಾಕಿಕೊಂಡು ನಮ್ಮ ಕೆಲಸವನ್ನು ನೋಡುತ್ತಾರೆ. ಚಿತ್ರ ಸ್ವಲ್ಪ ಮಸುಕಾದರೂ ಅವರು ನೋಡುತ್ತಲೇ ಇರುತ್ತಾರೆ, ಮಾತು ಅಸ್ಪಷ್ಟವಾದರೆ ಹತ್ತು ಸೆಕೆಂಡಿನಲ್ಲಿ ಬೆರಳು ಮೇಲಕ್ಕೆ ಸರಿಯುತ್ತದೆ.

ನಾನು ಈ ಕೆಲಸಕ್ಕೆ ಬಂದಾಗ ಎರಡು ವಿಸಿಆರ್‌ಗಳನ್ನು ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಮುದ್ರಿಸಿಕೊಳ್ಳುತ್ತಿದ್ದೆವು. ಪ್ರತಿ ನಕಲಿನಲ್ಲೂ ಬಣ್ಣ ಕದಡುತ್ತಿತ್ತು. ಮೂರನೆಯ ನಕಲಿಗೆ ಬಂದಾಗ ಮದುಮಗಳ ಸೀರೆಯ ಅಂಚು ಯಾವುದು, ಒಡಲು ಯಾವುದು ತಿಳಿಯುತ್ತಿರಲಿಲ್ಲ. ಅನಂತರ ಬಂದ ಮಿನಿ ಡಿವಿ ಟೇಪಿನಲ್ಲಿ ಒಂದು ತಾಸಿನ ಚಿತ್ರೀಕರಣ ಸುಮಾರು 13 ಗಿಗಾಬೈಟ್ ಆಗುತ್ತಿತ್ತು, ಮತ್ತು ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಸರಿಯಾಗಿ ಒಂದು ತಾಸೇ ಬೇಕಾಗುತ್ತಿತ್ತು. ಆರು ಟೇಪ್ ಇದ್ದರೆ ಆರು ತಾಸು ಕೂರಲೇಬೇಕು. ಆ ದಿನಗಳಲ್ಲಿ ಇದನ್ನು ಶಾಪವೆಂದೇ ತಿಳಿದಿದ್ದೆ. ಆದರೆ ಹಾಗೆ ಕುಳಿತಾಗ ಬೇರೆ ಕೆಲಸವಿಲ್ಲದ ಕಾರಣ ಇಡೀ ಚಿತ್ರೀಕರಣವನ್ನು ನೋಡಿ, ಕೇಳಿ, ಒಂದು ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಈಗ ಕಾರ್ಡ್ ಹತ್ತು ನಿಮಿಷದಲ್ಲಿ ನಕಲಾಗುತ್ತದೆ, ಕೂಡಲೇ ಕ್ಲಿಪ್‌ಗಳನ್ನು ಟೈಮ್‌ಲೈನ್ ಮೇಲೆ ಸುರಿದು ಕತ್ತರಿಸಲು ತೊಡಗುತ್ತೇವೆ. ಏನೇನು ಇದೆ ಎಂಬುದನ್ನು ಪೂರ್ತಿ ನೋಡಿದವರು ಯಾರೂ ಇರುವುದಿಲ್ಲ. ನನ್ನ ಬಳಿ ಕಲಿಯಲು ಬರುವವರಿಗೆ ಮೊದಲ ತಿಂಗಳು ನಾನು ಕೊಡುವ ಕೆಲಸ ಇಷ್ಟೇ: ಎಲ್ಲ ಕ್ಲಿಪ್‌ಗಳನ್ನೂ ಒಮ್ಮೆ ಪೂರ್ತಿ ನೋಡುವುದು, ನೋಡುವಾಗ ಕೈಯಲ್ಲಿ ಮೌಸ್ ಹಿಡಿಯದೆ ಪೆನ್ನು ಹಿಡಿಯುವುದು. ಎಲ್ಲಿ ನಿಮಗೆ ನಗು ಬಂತು, ಎಲ್ಲಿ ಬೇಸರವಾಯಿತು, ಯಾವ ಮಾತು ಅರ್ಥವಾಗಲಿಲ್ಲ ಎಂಬುದನ್ನು ಸಮಯದ ಸಮೇತ ಬರೆಯಿರಿ. ಎರಡನೆಯ ಸಲ ನೋಡುವಾಗ ಆ ನಗು ಬರುವುದಿಲ್ಲ, ಹತ್ತನೆಯ ಸಲಕ್ಕೆ ಅದು ಎಲ್ಲಿತ್ತೆಂಬುದೇ ಮರೆತಿರುತ್ತದೆ. ಪ್ರೇಕ್ಷಕನಂತೆ ಒಂದು ದೃಶ್ಯವನ್ನು ನೋಡುವ ಅವಕಾಶ ಸಂಕಲನಕಾರನಿಗೆ ಸಿಗುವುದು ಆ ಒಂದೇ ಸಲ.

ಈಗ ನನಗೆ ಬಹಳ ಮುಖ್ಯವೆನಿಸಿದ ವಿಷಯಕ್ಕೆ ಬರುತ್ತೇನೆ. ಸಂಕಲನ ಕುರಿತ ಪಾಠಗಳನ್ನು ನಾವೆಲ್ಲ ಇಂಗ್ಲಿಷ್ ವಿಡಿಯೋಗಳಿಂದ ಕಲಿಯುತ್ತೇವೆ. ಮಾತನಾಡುವವನು ತನ್ನ ಅಂಶವನ್ನು ಹೇಳಿ ಮುಗಿಸಿದ ಕೂಡಲೇ ಕತ್ತರಿಸಿ, ವಾಕ್ಯದ ಬಾಲವನ್ನು ಬಿಟ್ಟುಬಿಡಿ ಎಂದು ಅವು ಕಲಿಸುತ್ತವೆ. ಇಂಗ್ಲಿಷಿನಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಮೊದಲ ಅರ್ಧದಲ್ಲೇ ಬಂದುಬಿಡುವುದರಿಂದ ಅದು ನಡೆಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, "ಇಲ್ಲ" ಎಂಬುದು ಅದಕ್ಕೂ ಕೊನೆಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ತೊಗರಿಯ ನೆಟೆ ರೋಗದ ಬಗ್ಗೆ ಒಂದು ಕಿರುಚಿತ್ರವನ್ನು ನಾನು ಸಂಕಲಿಸಿದ್ದೆ. ಅದರಲ್ಲಿ ಹಿರಿಯ ರೈತರೊಬ್ಬರು, "ನೆಟೆ ಬಿದ್ದು ಬೆಳಿ ಹೋದ ವರ್ಷ ಸೈತ ಹೊಲಾ ಮಾರಿ ಪುಣಾಕ್ಕ ಹೋಗಬೇಕಂತ ನನ್ನ ಮನಸಿಗಿ ಬಂದಿಲ್ರಿ" ಎಂದಿದ್ದರು. ನಮ್ಮವರು ವಾಕ್ಯದ ಕೊನೆಗೆ ಬಂದಾಗ ದನಿಯನ್ನು ಇಳಿಸುತ್ತಾರೆ; ಆ ಇಳಿದ ದನಿಯ ಮೇಲೆ ನಾನು ಕೊಳಲಿನ ಸಂಗೀತವನ್ನು ಏರಿಸಿದ್ದೆ. ಕೇಳಿದವರಿಗೆ "ಮನಸಿಗಿ ಬಂದ" ಎಂಬಲ್ಲಿಗೆ ಮಾತು ನಿಂತಿತು, "ಇಲ್ರಿ" ಎಂಬುದು ಕೊಳಲಿನೊಳಗೆ ಮುಳುಗಿತು. ಮೂರನೆಯ ದಿನ ಅವರ ಅಣ್ಣನ ಮಗ ಫೋನ್ ಮಾಡಿ, "ಯಾಕ್ರಿ ಸರ, ನಮ್ಮ ಕಾಕಾ ಹೊಲಾ ಮಾರ್ಲತ್ತಾನಂತ ಊರೆಲ್ಲಾ ಹೇಳ್ಲತ್ತಾರ" ಎಂದರು. ಹೊಲ ಕೊಳ್ಳಲು ಒಬ್ಬ ದಲ್ಲಾಳಿ ಮನೆಗೂ ಹೋಗಿ ಬಂದಿದ್ದನಂತೆ.

ಇದಕ್ಕಿಂತ ಅಪಾಯಕಾರಿಯಾದದ್ದು "ಅಂತ" ಎಂಬ ಪ್ರತ್ಯಯ. "ಅವರು ರೊಕ್ಕ ತಿಂದಾರ" ಎಂಬುದು ಆರೋಪ, "ಅವರು ರೊಕ್ಕ ತಿಂದಾರಂತ" ಎಂಬುದು ಕೇಳಿದ ಸುದ್ದಿ. ಎರಡರ ನಡುವೆ ಇರುವ ವ್ಯತ್ಯಾಸ ಟೈಮ್‌ಲೈನ್ ಮೇಲೆ ಐದಾರು ಫ್ರೇಮ್ (ವಿಡಿಯೋದ ಒಂದೊಂದು ಸ್ಥಿರಚಿತ್ರ; ನಮ್ಮಲ್ಲಿ ಸೆಕೆಂಡಿಗೆ 25) ಅಗಲದ್ದು. ಸುದ್ದಿ ವಿಭಾಗದಲ್ಲಿ ಕೆಲಸ ಮಾಡುವವರು ಆ ಐದಾರು ಫ್ರೇಮ್‌ಗಳನ್ನು ಬೀಳಿಸಿದರೆ ಹೇಳಿದವನ ಮೇಲೆ ಮಾನನಷ್ಟ ಮೊಕದ್ದಮೆ ಬೀಳಬಹುದು. ಆದ್ದರಿಂದ ನಾನು ಪಾಲಿಸುವ ಕ್ರಮ ಹೀಗಿದೆ: ಮಾತನ್ನು ಕತ್ತರಿಸುವಾಗ ತೆರೆಯನ್ನು ನೋಡುವುದಿಲ್ಲ, ಕಣ್ಣು ಮುಚ್ಚಿ ಹೆಡ್‌ಫೋನಿನಲ್ಲಿ ಆ ವಾಕ್ಯವನ್ನು ಕೊನೆಯವರೆಗೆ ಕೇಳುತ್ತೇನೆ, ಕೊನೆಯ ಅಕ್ಷರ ಮುಗಿದ ಮೇಲೂ ಆರರಿಂದ ಹತ್ತು ಫ್ರೇಮ್, ಅಂದರೆ ಸೆಕೆಂಡಿನ ಸುಮಾರು ಕಾಲು ಭಾಗದಿಂದ ಐದರಲ್ಲಿ ಎರಡು ಭಾಗದಷ್ಟು, ಉಳಿಸುತ್ತೇನೆ. ಮುಂದಿನ ಮಾತಿಗೆ ಮುಂಚೆ ಅವರು ಉಸಿರೆಳೆದಿದ್ದರೆ ಆ ಉಸಿರನ್ನೂ ಉಳಿಸುತ್ತೇನೆ. ಉಸಿರಿಲ್ಲದ ಮಾತು ಕೇಳುವವರ ಎದೆಯನ್ನು ಬಿಗಿಯುತ್ತದೆ. ಏಕೆಂದು ಅವರಿಗೆ ತಿಳಿಯುವುದಿಲ್ಲ, ವಿಡಿಯೋ ಬಹಳ ಓಡುತ್ತಿದೆ ಎಂದಷ್ಟೇ ಹೇಳುತ್ತಾರೆ.

ಜೆ ಕಟ್, ಎಲ್ ಕಟ್ ಎಂಬ ಹೆಸರುಗಳನ್ನು ನೀವು ಕೇಳಿರುತ್ತೀರಿ. ಮುಂದಿನ ದೃಶ್ಯದ ಧ್ವನಿ ಅದರ ಚಿತ್ರಕ್ಕಿಂತ ಮೊದಲು ಬಂದರೆ ಜೆ, ಹಿಂದಿನ ದೃಶ್ಯದ ಧ್ವನಿ ಮುಂದಿನ ಚಿತ್ರದ ಮೇಲೂ ಹರಿದರೆ ಎಲ್. ಟೈಮ್‌ಲೈನ್ ಮೇಲೆ ಆ ತುಂಡುಗಳು ಆ ಅಕ್ಷರಗಳಂತೆ ಕಾಣುವುದರಿಂದ ಈ ಹೆಸರು. ಕನ್ನಡದ ಮಾತಿಗೆ ಎಲ್ ಕಟ್ ಹೆಚ್ಚು ಒಗ್ಗುತ್ತದೆ ಎಂಬುದು ನನ್ನ ಅನುಭವ. "ಈ ಬಾವಿ ನಮ್ಮ ಮುತ್ಯಾನ ಕಾಲದಾಗ, ಬರಗಾಲದಾಗ, ಇಡೀ ಓಣಿಗಿ" ಎನ್ನುವಾಗಲೇ ಕೇಳುವವರಿಗೆ ವಿಷಯ ಗೊತ್ತಾಗಿರುತ್ತದೆ, "ನೀರು ಕೊಟ್ಟೈತ್ರಿ" ಎಂಬುದು ಬಾಕಿ ಇರುತ್ತದೆ. ಆ ಬಾಕಿ ಇರುವಾಗಲೇ ಚಿತ್ರವನ್ನು ಬಾವಿಯ ಮೇಲೆ ಕೊಂಡೊಯ್ದರೆ ಮಾತೂ ಪೂರ್ತಿಯಾಗುತ್ತದೆ, ಕಣ್ಣಿಗೂ ಕಾಯುವ ಬೇಸರವಿರುವುದಿಲ್ಲ. ಮಾತಿನ ನಡುವಿನ ಅಂದ್ರ, ಮತ್ತ, ಅದೇನಂತೀರಿ ಮುಂತಾದವುಗಳನ್ನು ಪೂರ್ತಿ ಹೆಕ್ಕಿ ತೆಗೆಯುವ ಚಟ ನಮ್ಮ ಹುಡುಗರಲ್ಲಿದೆ. ಸ್ವಲ್ಪ ತೆಗೆಯಿರಿ, ಪೂರ್ತಿ ತೆಗೆದರೆ ಬೀದರಿನ ಅಜ್ಜಿ ಸುದ್ದಿ ಓದುವವಳಂತೆ ಕೇಳಿಸುತ್ತಾಳೆ. ಮಾತನ್ನು ತಾನಾಗಿ ಅಕ್ಷರಕ್ಕಿಳಿಸುವ ಹೊಸ ಸಾಧನಗಳನ್ನು ನಾನೂ ಬಳಸುತ್ತೇನೆ, ಆದರೆ ಯಾವ ಮಾತು ಎಲ್ಲಿದೆ ಎಂದು ಹುಡುಕಲು ಮಾತ್ರ. ಹೇಳ್ಲತ್ತಾನ, ಬರ್ಲತ್ತಾಳ ಎಂಬ ನಮ್ಮ ಕಡೆಯ ರೂಪಗಳ ಮುಂದೆ ಅವು ಎಡವಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಕೇಳುವಂಥ ಧ್ವನಿ ಬೇಕಿದ್ದರೆ ಅದು ಚಿತ್ರೀಕರಣದಲ್ಲೇ ಸಿಗಬೇಕು. ಮಾತನಾಡುವವರ ಎದೆಗೆ ಕಾಲರ್ ಮೈಕ್ ಸಿಕ್ಕಿಸಿ, 48 ಕಿಲೋಹರ್ಟ್ಜ್‌ನಲ್ಲಿ ಮುದ್ರಿಸಿ, ಗಟ್ಟಿ ಮಾತು ಬಂದಾಗಲೂ ಮಾಪಕ ಮೈನಸ್ 6 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಡಿಜಿಟಲ್ ಮಾಪಕದಲ್ಲಿ ಸೊನ್ನೆ ದಾಟಿ ಒಡೆದ ಧ್ವನಿಯನ್ನು ಯಾವ ಫಿಲ್ಟರೂ ಮೊದಲಿನಂತೆ ಮಾಡಿಕೊಡುವುದಿಲ್ಲ. ಮಾತೆಲ್ಲ ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಆ ಕೋಣೆಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳಿ. ಎರಡು ತುಂಡುಗಳ ನಡುವಿನ ಸಂದಿಗೆ ಅದನ್ನು ಹಾಸದಿದ್ದರೆ ಕಟ್ ಇರುವ ಕಡೆಯೆಲ್ಲ ಧ್ವನಿ ಹಳ್ಳಕ್ಕೆ ಬಿದ್ದಂತೆ ಕೇಳಿಸುತ್ತದೆ. ನಮ್ಮ ಊರಿನ ದೊಡ್ಡ ಶತ್ರು ಏರ್ ಕೂಲರ್. ಮೇ ತಿಂಗಳ 42 ಡಿಗ್ರಿಯಲ್ಲಿ ಅದನ್ನು ಆರಿಸಿರಿ ಎಂದು ಯಜಮಾನರಿಗೆ ಹೇಳುವುದು ಸುಲಭವಲ್ಲ. ಮಾತಿನ ವೇಳೆ ಐದೈದು ನಿಮಿಷ ಆರಿಸಿ ಮತ್ತೆ ಹಚ್ಚುವುದಾಗಿ ಒಪ್ಪಿಸಿರಿ, ಒಪ್ಪದಿದ್ದರೆ ಮೈಕನ್ನು ಗಲ್ಲಕ್ಕೆ ಇನ್ನಷ್ಟು ಹತ್ತಿರ ತನ್ನಿರಿ. ಆಮೇಲೆ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುತ್ತೇನೆಂದು ಅದರ ಗುಂಡಿಯನ್ನು ಕೊನೆಯವರೆಗೆ ತಿರುವಿದರೆ, ಮನುಷ್ಯ ಕೊಡದೊಳಗೆ ತಲೆ ಹಾಕಿ ಮಾತನಾಡಿದಂತಾಗುತ್ತದೆ. ಕೊನೆಯ ಮಿಶ್ರಣದಲ್ಲಿ ಧ್ವನಿಯನ್ನು ಮಿತಿಮೀರಿ ಗಟ್ಟಿ ಮಾಡುವುದರಿಂದಲೂ ಲಾಭವಿಲ್ಲ: ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್ (ಧ್ವನಿಯ ಒಟ್ಟು ಗಟ್ಟಿತನದ ಅಳತೆ) ಮಟ್ಟಕ್ಕಿಂತ ಗಟ್ಟಿಯಾದುದನ್ನು ತಾನೇ ತಗ್ಗಿಸುತ್ತದೆ, ಯುರೋಪಿನ ಪ್ರಸಾರ ಮಾನದಂಡವಂತೂ ಮೈನಸ್ 23.

ಶ್ರಾವಣದ ಪ್ರವಚನಗಳನ್ನು ಚಿತ್ರೀಕರಿಸುವವರು ಇಲ್ಲಿ ಹಲವರಿದ್ದೀರಿ. ಆರಂಭದಲ್ಲಿ ತುಟಿಗೂ ಮಾತಿಗೂ ಸರಿಯಾಗಿ ಹೊಂದಿದ್ದು, ಮುಕ್ಕಾಲು ತಾಸಿನ ಹೊತ್ತಿಗೆ ಮಾತು ಒಂದು ಕಡೆ, ತುಟಿ ಒಂದು ಕಡೆ ಆಗುತ್ತದೆ ಎಂದು ನಾಲ್ಕು ಚೀಟಿಗಳಲ್ಲಿ ದೂರಿದೆ. ಕಾರಣ ಬಹುತೇಕ ಮೊಬೈಲಿನ ಫ್ರೇಮ್ ದರ. ಮೊಬೈಲ್ ಸೆಕೆಂಡಿಗೆ 30 ಫ್ರೇಮ್ ಎಂದು ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ ತಾನೇ ದರವನ್ನು ಇಳಿಸಿಕೊಳ್ಳುತ್ತದೆ, ಬೆಳಕು ಬಂದಾಗ ಏರಿಸಿಕೊಳ್ಳುತ್ತದೆ. ಹೀಗೆ ಏರಿಳಿಯುವ ದರದ ಕಡತವನ್ನು ಸಂಕಲನ ತಂತ್ರಾಂಶ ಸ್ಥಿರ ದರದ್ದೆಂದು ನಂಬಿದರೆ ಧ್ವನಿ ಜಾರುತ್ತದೆ. 30 ಮತ್ತು 29.97 ಎಂಬ ಚಿಕ್ಕ ವ್ಯತ್ಯಾಸವೇ ಒಂದು ತಾಸಿಗೆ 3.6 ಸೆಕೆಂಡ್ ಆಗುತ್ತದೆ. ದರವನ್ನು ಸ್ಥಿರವಾಗಿ ಹಿಡಿಯುವ ಕ್ಯಾಮೆರಾ ಆ್ಯಪ್ ಬಳಸಿರಿ, ಈಗಾಗಲೇ ತೆಗೆದದ್ದಿದ್ದರೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಸ್ಥಿರ ದರಕ್ಕೆ ಪರಿವರ್ತಿಸಿಕೊಂಡು ಆಮೇಲೆ ಟೈಮ್‌ಲೈನಿಗೆ ತನ್ನಿರಿ. ಬೇರೆ ಬೇರೆ ಯಂತ್ರಗಳ ಒಳಗಿನ ಗಡಿಯಾರಗಳೂ ಒಂದೇ ವೇಗದಲ್ಲಿ ಓಡುವುದಿಲ್ಲವಾದ್ದರಿಂದ ಮೊದಲಿಗೊಂದು ಚಪ್ಪಾಳೆ, ಕೊನೆಗೊಂದು ಚಪ್ಪಾಳೆ ತಟ್ಟಿಸಿರಿ. ಎರಡೂ ಹೊಂದಿದರೆ ನಡುವಿನದು ಹೊಂದುತ್ತದೆ.

ಇದರ ಜೊತೆಗೇ ಸೇರಿದ ಇನ್ನೊಂದು ಮಾತು: ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾವನ್ನು 25 ಫ್ರೇಮ್‌ಗೆ, ಶಟರನ್ನು 50ನೇ ಒಂದು ಸೆಕೆಂಡಿಗೆ ಇಟ್ಟರೆ ಆ ಮಿನುಗು ಕಾಣುವುದಿಲ್ಲ. ಅಮೆರಿಕದ ಪಾಠ ನೋಡಿ 60ನೇ ಒಂದು ಸೆಕೆಂಡಿಗೆ ಇಟ್ಟರೆ ಗೋಡೆಯ ಮೇಲೆ ಪಟ್ಟೆಗಳು ಹರಿದಾಡುತ್ತವೆ. ಮಂಟಪದ ಜನರೇಟರ್ ಉಸಿರು ಹಿಡಿದು ಬಿಟ್ಟಂತೆ ಓಡುತ್ತಿದ್ದರೆ ಅದಕ್ಕೆ ಮಾತ್ರ ನನ್ನ ಬಳಿ ಔಷಧವಿಲ್ಲ.

ಬೀದರಿನಿಂದ ಬಂದು ನನ್ನಲ್ಲಿ ಕಲಿತ ಹುಡುಗಿಯೊಬ್ಬಳು ಬಿದರಿ ಕಲೆಯ ಬಗ್ಗೆ ನಾಲ್ಕು ನಿಮಿಷದ ಚಿತ್ರ ಮಾಡಿ ತಂದಿದ್ದಳು. ಚಿತ್ರೀಕರಣ ಚೆನ್ನಾಗಿತ್ತು: ಸತುವು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ಯುವುದು, ಅರದಿಂದ ಉಜ್ಜುವುದು, ಮೈಲುತುತ್ತ ಸವರಿ ಕಪ್ಪಾಗಿಸಿ ಚಿತ್ತಾರ ಗೀರುವುದು, ಉಳಿಯಿಂದ ಕೊರೆದ ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಕೂರಿಸುವುದು, ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಬಿಸಿಮಾಡಿದ ಪಾತ್ರೆಗೆ ಬಳಿದಾಗ ಲೋಹ ಮಾತ್ರ ಗಾಢವಾಗಿ ಕಪ್ಪಾಗಿ ಬೆಳ್ಳಿ ಹಾಗೆಯೇ ಹೊಳೆಯುವುದು. ಅವಳು ಎಲ್ಲ ಧ್ವನಿಯನ್ನೂ ಅಳಿಸಿ ಒಂದು ತಬಲಾ ಸಂಗೀತವನ್ನು ಹಾಕಿ, ಅದರ ಬಡಿತಕ್ಕೆ ಸರಿಯಾಗಿ ಎರಡೆರಡು ಸೆಕೆಂಡಿಗೆ ಕತ್ತರಿಸಿದ್ದಳು. ನೋಡಲು ಚಂದವಿತ್ತು, ಮುಗಿದ ಮೇಲೆ ಬಿದರಿ ಪಾತ್ರೆ ಹೇಗಾಗುತ್ತದೆ ಎಂದು ಕೇಳಿದರೆ ನೋಡಿದವರ್ಯಾರಿಗೂ ಹೇಳಲು ಬರಲಿಲ್ಲ.

ನಾವಿಬ್ಬರೂ ಕುಳಿತು ಸಂಗೀತವನ್ನು ತೆಗೆದೆವು. ಉಳಿಯ ಮೇಲೆ ಸುತ್ತಿಗೆ ಬೀಳುವ ಸದ್ದು ಮೂಲ ಧ್ವನಿಯಲ್ಲಿ ಸ್ಪಷ್ಟವಾಗಿತ್ತು; ಕುಶಲಕರ್ಮಿಯ ಕೈಗೆ ಅದರದ್ದೇ ಆದ ಲಯವಿತ್ತು, ಮೂರು ಚಿಕ್ಕ ಪೆಟ್ಟು, ಒಂದು ವಿರಾಮ, ಪಾತ್ರೆಯನ್ನು ಸ್ವಲ್ಪ ತಿರುಗಿಸುವುದು, ಮತ್ತೆ ಮೂರು ಪೆಟ್ಟು. ಆ ವಿರಾಮಗಳಲ್ಲಿ ಕತ್ತರಿಸಿದೆವು. ಪೆಟ್ಟಿನ ಮೇಲೆ ಕತ್ತರಿಸಿದರೆ ಸಂಕಲನ ಕಾಣುತ್ತದೆ, ವಿರಾಮದಲ್ಲಿ ಕತ್ತರಿಸಿದರೆ ಕೈ ಕಾಣುತ್ತದೆ. ಪಾತ್ರೆ ಕಪ್ಪಾಗುವ ಕ್ಷಣವನ್ನು ಅವಳು ಡಿಸಾಲ್ವ್ (ಒಂದು ಚಿತ್ರ ಇನ್ನೊಂದರೊಳಗೆ ಕರಗುವಂತೆ ಮಾಡುವುದು) ಹಾಕಿ ಎರಡು ಸೆಕೆಂಡಿನಲ್ಲಿ ಮುಗಿಸಿದ್ದಳು. ಮೂಲ ಕ್ಲಿಪ್ಪಿನಲ್ಲಿ ಅದು ಹತ್ತೊಂಬತ್ತು ಸೆಕೆಂಡ್ ಇತ್ತು. ಬಟ್ಟೆಯಿಂದ ಮಣ್ಣನ್ನು ಉಜ್ಜುವ ಸದ್ದು, ಅದರ ಹಿಂದೆ ಯಾರೋ ಚಹಾ ತರಲು ಕೂಗಿದ್ದು, ನಿಧಾನವಾಗಿ ಬೂದುಬಣ್ಣ ಕಪ್ಪಿಗೆ ತಿರುಗಿದ್ದು ಎಲ್ಲವೂ ಇತ್ತು. ಹತ್ತೊಂಬತ್ತನ್ನೂ ಕತ್ತರಿಸದೆ ಬಿಟ್ಟೆವು. ಅಷ್ಟು ಹೊತ್ತು ಒಂದೇ ಶಾಟ್ ನಿಲ್ಲಬಹುದೇ ಎಂದು ಅವಳಿಗೆ ಭಯವಿತ್ತು. ಮೊದಲು ಎರಡೂವರೆ ನಿಮಿಷ ಕೈಯ ವೇಗವನ್ನು ಕಂಡವರಿಗೆ ಆ ನಿಲುಗಡೆ ಬೇಕಾಗಿರುತ್ತದೆ; ಅದೇ ಶಾಟನ್ನು ಆರಂಭದಲ್ಲಿ ಇಟ್ಟಿದ್ದರೆ ನಿಲ್ಲುತ್ತಿರಲಿಲ್ಲ.

ಜಾತ್ರೆಯ ಚಿತ್ರಕ್ಕೂ ಇದೇ ರೀತಿ ಕಿವಿಯಿಂದ ಬುನಾದಿ ಹಾಕಬಹುದು. ಶರಣಬಸವೇಶ್ವರರ ತೇರು ಎಳೆಯುವಾಗ ಉತ್ತತ್ತಿ, ಬಾಳೆಹಣ್ಣು ತೂರುವ ಜನರ ಜಯಘೋಷವನ್ನು ಒಂದೇ ಕಡೆ ನಿಂತು ಎರಡು ನಿಮಿಷ ಮುದ್ರಿಸಿಕೊಳ್ಳಿ. ಆ ಧ್ವನಿಯನ್ನು ತುಂಡರಿಸದೆ ಹಾಸಿ ಅದರ ಮೇಲೆ ಬೇರೆ ಬೇರೆ ಕಡೆಯ ಚಿತ್ರಗಳನ್ನು ಜೋಡಿಸಿದರೆ ಇಪ್ಪತ್ತು ಕಟ್ ಇದ್ದರೂ ಒಂದೇ ಜಾಗದಲ್ಲಿ ನಿಂತು ನೋಡಿದಂತಿರುತ್ತದೆ. ಪ್ರತಿ ಕ್ಲಿಪ್ಪಿನ ಧ್ವನಿಯನ್ನೂ ಅದರ ಜೊತೆಗೇ ಇಟ್ಟರೆ ಗುಂಪು ಎರಡೆರಡು ಸೆಕೆಂಡಿಗೆ ಹುಟ್ಟಿ ಸಾಯುತ್ತದೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಸ ಐಫೋನ್‌ಗಳು ಎಚ್‌ಡಿಆರ್‌ನಲ್ಲಿ ಮುದ್ರಿಸುತ್ತವೆ. ಬೆಳಕು ನೆರಳುಗಳ ಹೆಚ್ಚಿನ ವ್ಯಾಪ್ತಿಯನ್ನು ಹಿಡಿಯುವ ವಿಧಾನವದು. ಅದನ್ನು ಸಾಮಾನ್ಯ ಟೈಮ್‌ಲೈನಿಗೆ ತಂದಾಗ ಮುಖಗಳು ಸುಟ್ಟಂತೆ ಬೆಳ್ಳಗಾಗುವುದರಿಂದ, ಚಿತ್ರೀಕರಣದ ಮೊದಲೇ ಆ ಆಯ್ಕೆಯನ್ನು ಬಂದ್ ಮಾಡಿರಿ. ಮದುಮಗಳನ್ನು ಬೆಳ್ಳಗೆ ಮಾಡಿರಿ ಎಂದು ಮನೆಯವರು ಕೇಳುತ್ತಾರೆ. ನಾನು ಮಾಡುವುದಿಲ್ಲ. ಅರಿಶಿನ ಹಚ್ಚಿದ ಕಪ್ಪು ಮೈಗೆ ಇರುವ ಕಾಂತಿಯನ್ನು ಬಿಳಿ ಮಾಡಿದರೆ ಅರಿಶಿನವೂ ಉಳಿಯುವುದಿಲ್ಲ, ಮೈಯೂ ಉಳಿಯುವುದಿಲ್ಲ ಎಂದು ತೆರೆಯ ಮೇಲೆ ಎರಡನ್ನೂ ಪಕ್ಕಪಕ್ಕ ತೋರಿಸಿದಾಗ ಹೆಚ್ಚಿನವರು ಒಪ್ಪಿದ್ದಾರೆ.

ಕನ್ನಡ ಅಕ್ಷರಗಳ ಬಗ್ಗೆ ಹೇಳಲೇಬೇಕು. ಪ್ರೀಮಿಯರ್ ಪ್ರೊದ ಗ್ರಾಫಿಕ್ಸ್ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾ ಮತ್ತು ಮಧ್ಯಪ್ರಾಚ್ಯದ ಲಿಪಿಗಳಿಗಾಗಿ ಇರುವ ಪಠ್ಯ ಎಂಜಿನ್ನನ್ನು ಆರಿಸದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುತ್ತವೆ, ಕ್ರಿಸ್ತ, ರಾಷ್ಟ್ರ ಮುಂತಾದ ಪದಗಳು ಓದಲಾರದಂತಾಗುತ್ತವೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಶೀರ್ಷಿಕೆ, ಆ ಫಾಂಟ್ ಇಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ. ಯುನಿಕೋಡಿನಲ್ಲೇ ಟೈಪಿಸಿರಿ, ನೋಟೊ ಸಾನ್ಸ್ ಕನ್ನಡದಂಥ ಉಚಿತ ಫಾಂಟುಗಳಿವೆ. ಅಡಿಬರಹದಲ್ಲಿ ಎರಡು ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ನಮ್ಮ ಪದಗಳು ಉದ್ದವಾದ್ದರಿಂದ ಒಂದು ಸಾಲಿಗೆ ನಾಲ್ಕೈದು ಪದ ಸಾಕು. ಮದುಮಕ್ಕಳ ಹೆಸರನ್ನು ಬಾಯಿಮಾತಿನಲ್ಲಿ ಕೇಳಿ ಬರೆಯಬೇಡಿ, ಲಗ್ನಪತ್ರಿಕೆಯ ಫೋಟೋ ತೆಗೆದಿಟ್ಟುಕೊಳ್ಳಿ.

ಕಡತಗಳನ್ನು ಕಾಯುವ ವಿಷಯದಲ್ಲಿ ನಾನು ಪಾಠ ಕಲಿತದ್ದು ಒಂದು ಲಗ್ನದಲ್ಲಿ. ಮನೆಗೆ ಬಂದು ಕಾರ್ಡಿನಲ್ಲಿದ್ದುದನ್ನು ನಕಲು ಮಾಡುವ ಬದಲು ಕಟ್ ಮಾಡಿ ಪೇಸ್ಟ್ ಮಾಡಿದೆ, ನಡುವೆ ವಿದ್ಯುತ್ ಹೋಯಿತು, ಯುಪಿಎಸ್‌ನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಹದಿನಾಲ್ಕು ನಿಮಿಷದ ಒಂದು ಕಡತ ಕಾರ್ಡಿನಲ್ಲೂ ಇರಲಿಲ್ಲ, ಡಿಸ್ಕಿನಲ್ಲೂ ತೆರೆಯಲಿಲ್ಲ, ಮತ್ತು ಅದರಲ್ಲಿದ್ದದ್ದು ಅಕ್ಷತೆಯ ಮುಹೂರ್ತ. ಸುರಗಿ ಇದೆ, ಆಯೇರಿ ಇದೆ, ಊಟದ ಪಂಕ್ತಿ ಒಂದೂವರೆ ತಾಸಿನದಿದೆ. ಮದುಮಗಳ ತಂದೆಗೆ ಮುಚ್ಚಿಡದೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅಕ್ಕಿಕಾಳು ಬಿದ್ದದ್ದೇ ಇಲ್ಲಂದ್ರ ಲಗ್ನ ಹ್ಯಾಂಗ ಆತ್ರಿ?" ಎಂದರು. ಸಂಬಂಧಿಕರ ಮೊಬೈಲುಗಳಿಂದ ತುಂಡುಗಳನ್ನು ಬೇಡಿ ತಂದು ಮೂರು ನಿಮಿಷದಷ್ಟು ಜೋಡಿಸಿಕೊಟ್ಟೆ, ಹಣ ತೆಗೆದುಕೊಳ್ಳಲಿಲ್ಲ.

ಅಂದಿನಿಂದ ಕಾರ್ಡಿನ ಇಡೀ ಫೋಲ್ಡರನ್ನು, ಅದರೊಳಗಿನ ಅರ್ಥವಾಗದ ಚಿಕ್ಕ ಕಡತಗಳ ಸಮೇತ, ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲಿಸಿ, ಎರಡರಲ್ಲೂ ಕ್ಲಿಪ್ ತೆರೆದು ನೋಡಿದ ಮೇಲೆಯೇ ಕಾರ್ಡ್ ಅಳಿಸುತ್ತೇನೆ. ಮೂರನೆಯ ಪ್ರತಿ ಬೇರೆ ಮನೆಯಲ್ಲಿರುತ್ತದೆ. ಫ್ಯಾಟ್ 32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಕಾರ್ಡುಗಳಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲವಾದ್ದರಿಂದ ಉದ್ದದ ಚಿತ್ರೀಕರಣ ತುಂಡುಗಳಾಗಿ ಬಿದ್ದಿರುತ್ತದೆ, ಒಂದನ್ನು ಬಿಟ್ಟು ನಕಲಿಸಿದರೂ ನಡುವೆ ರಂಧ್ರ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ಚಿತ್ರೀಕರಣ ತಾಸಿಗೆ 45 ಗಿಗಾಬೈಟ್ ತಿನ್ನುತ್ತದೆ ಎಂಬ ಲೆಕ್ಕವನ್ನು ದರ ಹೇಳುವ ಮೊದಲೇ ಹಾಕಿಕೊಳ್ಳಿ, ಡಿಸ್ಕಿನ ಖರ್ಚು ಯಾರದೆಂಬುದು ಆಗಲೇ ತೀರ್ಮಾನವಾಗಬೇಕು. ಕಂಪ್ಯೂಟರ್ ನಿಧಾನವಾಗಿದ್ದರೆ ಪ್ರಾಕ್ಸಿ, ಅಂದರೆ ಸಂಕಲನಕ್ಕಷ್ಟೇ ಬಳಸುವ ಹಗುರವಾದ ನಕಲು, ಮಾಡಿಕೊಳ್ಳಿ. ಎಚ್‌ಇವಿಸಿ ಮುಂತಾದ ಒತ್ತಿ ತುಂಬಿದ ಕಡತಗಳಲ್ಲಿ ಹೆಚ್ಚಿನ ಫ್ರೇಮ್‌ಗಳು ಪೂರ್ತಿ ಚಿತ್ರಗಳಲ್ಲ, ಹಿಂದುಮುಂದಿನ ಫ್ರೇಮ್‌ಗಳಿಂದ ಆದ ಬದಲಾವಣೆಯಷ್ಟೇ ಅವುಗಳಲ್ಲಿರುವುದರಿಂದ ಪ್ರತಿ ಸಲ ಕಂಪ್ಯೂಟರ್ ಲೆಕ್ಕ ಬಿಡಿಸಬೇಕಾಗುತ್ತದೆ. ಪ್ರೊರೆಸ್ ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಪ್ರಾಕ್ಸಿಯಲ್ಲಿ ಪ್ರತಿ ಫ್ರೇಮೂ ಸ್ವತಂತ್ರ.

ಗಿರಾಕಿಗಳ ವಿಷಯ. ಅರ್ಧ ಹಣ ಮುಂಗಡ, ಎರಡು ಸಲದ ತಿದ್ದುಪಡಿ ಸೇರಿದ ದರ, ಮೂಲ ಕಡತಗಳನ್ನು ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ ಎಂಬ ಮೂರು ಮಾತುಗಳನ್ನಾದರೂ ಬರವಣಿಗೆಯಲ್ಲಿ ಇಡಿ, ವಾಟ್ಸ್‌ಆ್ಯಪ್ ಸಂದೇಶವಾದರೂ ಸರಿ. ಬಂಧುಗಳ ಲಗ್ನಕ್ಕೂ ಇದು ಅನ್ವಯ. ಬಂಧುಗಳೇ ಹೆಚ್ಚು ಸಲ ತಿದ್ದಿಸುವವರು. ಸಿನಿಮಾ ಹಾಡಿನ ಬಗ್ಗೆ ಕೇಳಿದ್ದೀರಿ. ಲಗ್ನದ ಮೆರವಣಿಗೆಯಲ್ಲಿ ಹಾಡು ನುಡಿಸಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಅದೇ ಹಾಡನ್ನು ನಿಮ್ಮ ವಿಡಿಯೋಗೆ ಜೋಡಿಸಿ ಯೂಟ್ಯೂಬಿಗೆ ಏರಿಸುವುದು ಬೇರೆ ಸಂಗತಿ, ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಮನೆಯ ಹೆಂಗಸರು ಹಾಡುವ ಸೋಬಾನೆ ಪದಗಳನ್ನು ಚೆನ್ನಾಗಿ ಮುದ್ರಿಸಿಕೊಂಡರೆ ಆ ತಾಪತ್ರಯವೂ ಇಲ್ಲ, ಆ ಧ್ವನಿ ಬೇರೆ ಯಾವ ಮನೆಯ ವಿಡಿಯೋದಲ್ಲೂ ಸಿಗುವುದಿಲ್ಲ.

ಉಳಿದ ಚೀಟಿ ಒಂದೇ. ನನ್ನ ಹತ್ತಿರ ನಲವತ್ತು ಸಾವಿರ ರೂಪಾಯಿ ಇದೆ, ಕಂಪ್ಯೂಟರ್ ಈಗಾಗಲೇ ಇದೆ, ಮೊದಲು ಏನು ಕೊಳ್ಳಲಿ ಎಂದು ಯಾದಗಿರಿಯ ಒಬ್ಬರು ಬರೆದಿದ್ದಾರೆ. ಮೊದಲು ಕಿವಿಯನ್ನು ಪೂರ್ತಿ ಮುಚ್ಚುವ, ತಂತಿ ಇರುವ ಒಳ್ಳೆಯ ಹೆಡ್‌ಫೋನ್ ಕೊಳ್ಳಿ. ಬ್ಲೂಟೂತಿನದು ಬೇಡ, ಅದರಲ್ಲಿ ಧ್ವನಿ ತಡವಾಗಿ ಬರುವುದರಿಂದ ತುಟಿಗೂ ಮಾತಿಗೂ ಹೊಂದಿಸಲಾಗುವುದಿಲ್ಲ. ಆಮೇಲೆ ಒಂದು ಕಾಲರ್ ಮೈಕ್, ಒಂದೇ ಅಳತೆಯ ಎರಡು ಹೊರಗಿನ ಡಿಸ್ಕುಗಳು. ಹಣ ಮಿಕ್ಕರೆ ಹೊಸ ಲೆನ್ಸಿನ ಕಡೆ ನೋಡಬೇಡಿ, ಯುಪಿಎಸ್‌ನ ಬ್ಯಾಟರಿಯನ್ನು ಬದಲಾಯಿಸಿ ಯಾವತ್ತು ಬದಲಾಯಿಸಿದಿರಿ ಎಂಬುದನ್ನು ಅದರ ಮೇಲೆಯೇ ಚೀಟಿ ಅಂಟಿಸಿ ಬರೆದಿಡಿ.